ಹೆಬ್ಬೆರಳಿನ ನೋವಿಗೆ ಊರು ಕಟ್ಟಿದ ಕಥೆ

ನಮ್ಮ ಉಪಕೇಂದ್ರಕ್ಕೆ ಬರುವ ವಯಸ್ಸಾದವರಿಗೆಲ್ಲ ಒಂದೇ ಕಾಯಿಲೆ, ವಾಯು. ಮಂಡಿ ಸವೆದರೂ ವಾಯು, ಸೊಂಟ ಹಿಡಿದರೂ ವಾಯು, ಕೈ ಜೋಮು ಹಿಡಿದರೂ ವಾಯು. ಈ ವಾಯುವಿನೊಳಗಿಂದ ಗೌಟ್ ಎಂಬ ಒಂದನ್ನು ಬೇರೆ ಮಾಡಿ ತೋರಿಸುವ ಕೆಲಸ ನನ್ನ ಪಾಲಿಗೆ ಬಂತು.

ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು ಸಮುದಾಯ ಆರೋಗ್ಯ ಅಧಿಕಾರಿ. ಹುದ್ದೆಯ ಹೆಸರು ಉದ್ದ. ಊರವರ ಬಾಯಲ್ಲಿ ಸಿಸ್ಟ್ರಮ್ಮ. ಮದ್ದೂರಿನ ಮನೆಯಿಂದ ಭಾರತೀನಗರದ ಮೇಲೆ ಮಳವಳ್ಳಿಗೆ ಒಂದು ಬಸ್ಸು, ಅಲ್ಲಿಂದ ಹಲಗೂರಿನ ಕಡೆಗೆ ಇನ್ನೊಂದು. ಕಬ್ಬಿನ ಲಾರಿಗಳ ಹಿಂದೆ ಸಿಕ್ಕಿಕೊಂಡ ದಿನ ತಡವಾಗುತ್ತಿತ್ತು. ಅಲ್ಲಿಯವರೆಗೆ ಯಾರೂ ಕಾಯುತ್ತಿರಲಿಲ್ಲ. ಹಾಗಾಗಿ ವಾರದ ಆರೋಗ್ಯ ಪಾಠವನ್ನು ಉಪಕೇಂದ್ರದಲ್ಲಿ ಇಟ್ಟುಕೊಳ್ಳದೆ ಹಾಲಿನ ಡೈರಿಯ ಜಗಲಿಯಲ್ಲಿ ಇಟ್ಟುಕೊಂಡೆ. ಹಾಲು ಹಾಕಿದ ಮುದುಕ ಮುದುಕಿಯರು ಹೇಗೂ ಅಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಅವರನ್ನು ಒಟ್ಟು ಹಿಡಿದಿಡುತ್ತಿದ್ದವಳು ನಮ್ಮ ಆಶಾ ಕಾರ್ಯಕರ್ತೆ. ಅದೇ ಊರಿನ ಸೊಸೆ, ಗಟ್ಟಿ ಗಂಟಲು.

ಮೊದಲ ವಾರ ಸ್ಟೀಲ್ ಲೋಟದಲ್ಲಿ ಬಿಸಿನೀರು ತರಿಸಿ, ಕರಗುವಷ್ಟೂ ಸಕ್ಕರೆ ಸುರಿದು, ಅದರೊಳಗೆ ಒಂದು ದಾರ ಇಳಿಬಿಟ್ಟೆ. ಮುಂದಿನ ವಾರ ಎತ್ತಿ ತೋರಿಸಿದಾಗ ದಾರದ ತುಂಬ ಕಲ್ಲುಸಕ್ಕರೆಯಂಥ ಹರಳು. "ರಕ್ತದಲ್ಲಿ ಯೂರಿಕ್ ಆಮ್ಲ ಅಂತ ಒಂದು ಇರುತ್ತೆ. ಮೂತ್ರದಲ್ಲಿ ಹೊರಗೆ ಹೋಗಬೇಕು. ಹೋಗದೆ ಹೆಚ್ಚಾದರೆ ಹಿಂಗೇ ಕೀಲಿನಲ್ಲಿ ಹರಳು ಕಟ್ಟುತ್ತೆ. ಆ ಹರಳು ಚುಚ್ಚಿದಾಗ ಬರೋ ನೋವೇ ಗೌಟ್" ಎಂದೆ. ಮಂಡಿ ಸವೆತ ಮೆಲ್ಲಗೆ ಬರುತ್ತದೆ. ಗೌಟ್ ಏಕಾಏಕಿ ಬಂದು ಎರಗುತ್ತದೆ, ಹೆಚ್ಚಾಗಿ ಕಾಲಿನ ಹೆಬ್ಬೆರಳ ಬುಡಕ್ಕೆ. ಬೆರಳು ಕೆಂಪಗೆ ಊದಿ ಕೆಂಡದಂತೆ ಸುಡುತ್ತದೆ. ಹೊದ್ದ ದುಪಟಿ ತಗುಲಿದರೂ ಜೀವ ಹೋಗುತ್ತದೆ. ಕೆಲವು ದಿನದಲ್ಲಿ ತಾನೇ ಇಳಿಯುತ್ತದೆ, ಆಮೇಲೆ ಮತ್ತೆ ಬರುತ್ತದೆ. ಇಷ್ಟನ್ನು ಅವರಿಗೆ ತಲುಪಿಸಲು ಎರಡು ಮೂರು ಪಾಠ ಬೇಕಾದವು.

ನನ್ನ ಮಾತು ಮುಗಿದ ಮೇಲೆ ಉಪಕೇಂದ್ರದವರೆಗೆ ನನ್ನ ಹಿಂದೆಯೇ ಬಂದವರು ಅಂಗನವಾಡಿ ಅಜ್ಜಿ. ಅಂಗನವಾಡಿಯಲ್ಲಿ ಸಹಾಯಕಿಯಾಗಿ ಊರಿನ ಮಕ್ಕಳಿಗೆಲ್ಲ ಉಪ್ಪಿಟ್ಟು ಕಲಸಿ ನಿವೃತ್ತರಾದವರು. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಮುಟ್ಟಿದ್ದನ್ನು ತೊಳೆಯದೆ ಇಡದಂಥ ಶುಚಿಯ ಹೆಂಗಸು. ಎಡಗಾಲಿನ ಚಪ್ಪಲಿಯ ಮುಂಭಾಗವನ್ನು ಕುಡುಗೋಲಿನಿಂದ ಕತ್ತರಿಸಿಕೊಂಡಿದ್ದರು, ಬೆರಳು ಹೊರಗೆ ಚಾಚಲೆಂದು.

"ನೀನ್ ಯೋಳಿದ್ದು ನಂಗೇ ಯೋಳ್ದಂಗಾಯ್ತು ಕಣವ್ವ" ಎಂದರು.

ರಕ್ತ ತೆಗೆದು ಮಳವಳ್ಳಿಗೆ ಕಳಿಸಿದೆ. ಯೂರಿಕ್ ಆಮ್ಲ ಬಹಳ ಹೆಚ್ಚಿತ್ತು, ಮೂತ್ರಪಿಂಡದ ಕೆಲಸವೂ ಕೊಂಚ ಕುಗ್ಗಿತ್ತು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಚಿಕ್ಕ ವಯಸ್ಸಿನವರು, ಒಬ್ಬರೇ ಎಲ್ಲವನ್ನೂ ನೋಡಬೇಕಾದವರು. ಅಜ್ಜಿ ವರ್ಷಗಳಿಂದ ನುಂಗುತ್ತಿದ್ದ ಬಿಪಿ ಮಾತ್ರೆಯ ಹಾಳೆಯನ್ನು ತಿರುಗಿಸಿ ನೋಡಿ ನನಗೆ ತೋರಿಸಿದರು. ಮೂತ್ರ ಹೆಚ್ಚಿಸಿ ಬಿಪಿ ಇಳಿಸುವ ಮಾತ್ರೆ ಅದು. ಕೆಲವರಲ್ಲಿ ಅದು ಯೂರಿಕ್ ಆಮ್ಲವನ್ನು ಒಳಗೇ ಉಳಿಸಿಬಿಡುತ್ತದೆ. ಮುಟ್ಟು ನಿಂತ ಹೆಂಗಸರಿಗೆ ಗೌಟ್ ಬರುವುದು ಬಹಳ ಸಲ ಈ ದಾರಿಯಲ್ಲೇ. ಡಾಕ್ಟರು ಬಿಪಿ ಮಾತ್ರೆ ಬದಲಿಸಿದರು. ಯೂರಿಕ್ ಆಮ್ಲ ಇಳಿಸುವ ಮಾತ್ರೆಯನ್ನು ಚಿಕ್ಕ ಪ್ರಮಾಣದಲ್ಲಿ ಶುರು ಮಾಡಿದರು. ಆ ಮಾತ್ರೆಗೆ ಒಂದು ಕೆಟ್ಟ ಗುಣವಿದೆ. ಹಳೆಯ ಹರಳು ಕರಗಲು ಶುರುವಾದಾಗ ನೋವು ಒಮ್ಮೊಮ್ಮೆ ಇನ್ನೂ ಜೋರಾಗಿ ಬರುತ್ತದೆ. ಅದನ್ನು ತಡೆಯಲು ಕೆಲವು ತಿಂಗಳು ಇನ್ನೊಂದು ಮಾತ್ರೆ ಜೊತೆಗಿರಬೇಕು. ಅದು ನಮ್ಮಲ್ಲಿ ದಾಸ್ತಾನಿರಲಿಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡುವ ಅಜ್ಜಿಯ ಮಗ ಭಾರತೀನಗರದಿಂದ ತಂದುಕೊಟ್ಟ. ಎಲ್ಲ ಸರಿಯಾಗಿ ಹೊರಟಿತ್ತು.

ಆಗ ಮೇಲಿನಿಂದ ಒಂದು ಶಿಬಿರ ಬಂತು. ಶಾಮಿಯಾನ, ಮೈಕು, ಬ್ಯಾನರು. ಭಾಷಣಕ್ಕೆ ಮಂಡ್ಯದಿಂದ ಒಬ್ಬ ದೊಡ್ಡ ಡಾಕ್ಟರು. ಮಾತುಗಾರ. ಅವರ ಹಿಂದೆ ಒಂದು ದೊಡ್ಡ ಚಿತ್ರ ಕಟ್ಟಿದ್ದರು: ಊದಿದ ಕಾಲು, ಪಕ್ಕದಲ್ಲಿ ಮಾಂಸದ ತಟ್ಟೆ, ಬಾಟಲಿ.

"ಗೌಟ್ ಅಂದ್ರೆ ಏನ್ ಗೊತ್ತಾ ಯಜಮಾನ್ರೇ? ಬಾಡು, ಬ್ರಾಂದಿ! ಬಾಡೂಟ ಬಿಡಿ, ಬಾಟ್ಲಿ ಬಿಡಿ, ಗೌಟ್ ನಿಮ್ಮನ್ನ ಬಿಡುತ್ತೆ. ಅಷ್ಟೇ!"

ಜನ ಚಪ್ಪಾಳೆ ತಟ್ಟಿದರು. ಅಂಗನವಾಡಿ ಅಜ್ಜಿ ಮುಂದಿನ ಸಾಲಿನಲ್ಲೇ ಕೂತಿದ್ದರು, ಕತ್ತರಿಸಿದ ಚಪ್ಪಲಿಯಲ್ಲಿ. ಅವರಿಗೆ ಗೌಟ್ ಎಂದು ಅಷ್ಟರಲ್ಲಿ ಡೈರಿಗೆಲ್ಲ ಗೊತ್ತಿತ್ತು. ಅವರೇ ಹೇಳಿಕೊಂಡಿದ್ದರು, ಹೇಳಿಕೊಳ್ಳಬಾರದ ಕಾಯಿಲೆಯೆಂದು ಯಾರೂ ಆಗ ತಿಳಿದಿರಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ ಗಂಡಸು ಕೂಗಿದ.

"ಏನಜ್ಜಿ, ಈಬೂತಿ ಬಳ್ಕೊಂಡು ಅಟ್ಟದ ಮ್ಯಾಲೆ ಬೋಟಿ ಗೊಜ್ಜು ಮಡಗಿದ್ಯಾ?"

ಇನ್ನೊಬ್ಬ, "ಬರೀ ಗೊಜ್ಜಾದ್ರೆ ಇಷ್ಟ್ ಊದ್ತದೇನ್ಲಾ? ಜೊತೆಗೆ ಎಣ್ಣೆ ಪ್ಯಾಕೆಟ್ಟೂ ಇರ್ಬೇಕು" ಎಂದ. ಶಾಮಿಯಾನ ಪೂರ ನಗು. ಹೆಂಗಸರೂ ಸೆರಗು ಬಾಯಿಗಿಟ್ಟು ನಕ್ಕರು.

ನಾನು ವೇದಿಕೆಯ ಹತ್ತಿರ ಹೋಗಿ, "ಸರ್, ಬಿಪಿ ಮಾತ್ರೆಯಿಂದಲೂ ಬರುತ್ತೆ, ಮೂತ್ರಪಿಂಡ ಸೋತರೂ ಬರುತ್ತೆ ಅಂತ ಒಂದು ಮಾತು ಹೇಳಿ" ಎಂದೆ. ಅವರು ಮೈಕಿಗೆ ಕೈ ಅಡ್ಡ ಹಿಡಿದು, "ಹಳ್ಳಿ ಜನಕ್ಕೆ ಅಷ್ಟೆಲ್ಲ ಹೇಳಿದ್ರೆ ಗೊಂದಲ ಆಗುತ್ತಮ್ಮ. ಬಿಪಿ ಮಾತ್ರೆನೂ ಬಿಟ್ಟುಬಿಡ್ತಾರೆ" ಎಂದರು. ಅವರ ಭಯದಲ್ಲೂ ನ್ಯಾಯವಿತ್ತು. ಆದರೆ ನಾನು ತಿರುಗಿ ನೋಡಿದಾಗ ಮುಂದಿನ ಸಾಲಿನ ಕುರ್ಚಿ ಖಾಲಿಯಾಗಿತ್ತು.

ಮುಂದಿನ ಪಾಠಕ್ಕೆ ಅಜ್ಜಿ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಮನೆಗೆ ಹೋದರೆ ಸೊಸೆ ಬಾಗಿಲಲ್ಲೇ ನಿಂತು, "ಅತ್ತೆ ಪೂಜೇಲವ್ರೆ" ಎಂದಳು. ಕೊನೆಗೆ ಒಂದು ಮಧ್ಯಾಹ್ನ ಹಿತ್ತಿಲಲ್ಲಿ ಸಿಕ್ಕರು. ಸೊಪ್ಪು ಸೋಸುತ್ತಿದ್ದರು. ಮಾತ್ರೆಗಳನ್ನೆಲ್ಲ ನಿಲ್ಲಿಸಿದ್ದರು.

"ಆ ಮಾತ್ರೆ ಮನೇಲಿದ್ರೆ ಆ ಕಾಯ್ಲೆ ಅದೆ ಅಂತ ತಾನೆ ಅರ್ಥ? ನಂಗೆ ಆ ಕಾಯ್ಲೆ ಬ್ಯಾಡ ಕಣವ್ವ. ಲಿಂಗ ಕಟ್ಕೊಂಡೋಳು ನಾನು. ನನ್ ಮಗನೇ ಮೊನ್ನೆ, ಅವ್ವ, ಕಾಲುನೋವಿಗೆ ಅಂತ ಯಾರಾದ್ರೂ ಏನಾದ್ರೂ ಕುಡ್ಸಿದ್ರಾ ಅಂತ ಕೇಳ್ದ. ಹೆತ್ತ ಮಗ."

"ಅಜ್ಜಿ, ನಿಮಗೆ ಇದು ಬಂದಿದ್ದು ಬಿಪಿ ಮಾತ್ರೆಯಿಂದ. ಡಾಕ್ಟರೇ ಹೇಳಿದ್ರಲ್ಲ."

"ನಿಮ್ ಡಾಕ್ಟ್ರು ಕೋಣೆ ಒಳ್ಗೆ ಯೋಳಿದ್ರು. ಅವ್ರು ಮೈಕ್‌ನಾಗೆ ಯೋಳಿದ್ರು. ಊರು ಯಾವ್ದು ಕೇಳ್ತದೆ?"

ಅಷ್ಟು ಹೇಳಿ ಅವರು ಎದ್ದು ಸರಾಗವಾಗಿ ನಡೆದು ಒಳಗೆ ಹೋದದ್ದು ನನ್ನ ಕಣ್ಣಿಗೆ ಬಿತ್ತು. ಕಾಲು ಊದಿರಲಿಲ್ಲ. ಮಾತ್ರೆ ಬಿಟ್ಟವರು ಹೀಗೆ ನಡೆಯುವಂತಿರಲಿಲ್ಲ.

"ವಾಯು ಪುಡಿ" ಎಂದರು ಕೇಳಿದಾಗ. "ಸಂತೇಲಿ ಮಾರ್ತನೆ. ಬೇರಿನ ಔಸ್ದಿ. ವಾಯು ಅಂತ್ಲೇ ಕೊಡ್ತನೆ, ಏನ್ ತಿಂತೀಯಾ, ಏನ್ ಕುಡೀತೀಯಾ ಅಂತ ಕೇಳಕಿಲ್ಲ."

ಆ ಪುಡಿಯನ್ನು ನಾನು ಮೊದಲು ಗಂಭೀರವಾಗಿ ನೋಡಿದ್ದು ಮಳೆಗಾಲ ಕಳೆದ ಮೇಲೆ, ಅಜ್ಜಿಯ ಮುಖ ನೋಡಿ. ಕೆನ್ನೆ ದುಂಡಗೆ ತುಂಬಿಕೊಂಡಿತ್ತು. ಮೊಣಕೈ ಕೆಳಗೆ ಅಲ್ಲಲ್ಲಿ ನೀಲಿ ಕಲೆ. ಸಕ್ಕರೆ ಏರಿತ್ತು, ಬಿಪಿ ಏರಿತ್ತು. ಊರವರು "ಅಜ್ಜಿಗೆ ಪುಡಿ ಒಗ್ತು, ಮೈ ತುಂಬ್ಕೊಂಡವ್ರೆ" ಎನ್ನುತ್ತಿದ್ದರು. ನಮ್ಮ ಡಾಕ್ಟರು ಪೊಟ್ಟಣ ಬಿಚ್ಚಿ, ಮೂಸಿ, ಹೀಗೆಂದರು: "ಬೇರು ಇದ್ದರೂ ಇರಬಹುದು. ಆದರೆ ಇಷ್ಟು ಬೇಗ ನೋವು ಇಳಿಸಿ ಮುಖ ಹೀಗೆ ಮಾಡೋದು ಸ್ಟೀರಾಯ್ಡ್. ಯಾರೋ ಮಾತ್ರೆ ಅರೆದು ಬೆರೆಸುತ್ತಿದ್ದಾರೆ."

ಪುಡಿ ಬಿಡಿಸುವುದೇ ಕಷ್ಟ ಎಂದುಕೊಂಡಿದ್ದೆ. ಒಂದೇ ಸಲಕ್ಕೆ ಬಿಡಿಸುವುದು ಅದಕ್ಕಿಂತ ಅಪಾಯ ಎಂದು ಡಾಕ್ಟರು ಕೂರಿಸಿ ವಿವರಿಸಿದರು. ನಮ್ಮ ದೇಹ ತನಗೆ ಬೇಕಾದಷ್ಟು ಸ್ಟೀರಾಯ್ಡನ್ನು ತಾನೇ ಮಾಡಿಕೊಳ್ಳುತ್ತದೆ. ಹೊರಗಿನಿಂದ ತಿಂಗಳುಗಟ್ಟಲೆ ಬಂದರೆ ಒಳಗಿನ ತಯಾರಿಕೆ ನಿಂತುಹೋಗುತ್ತದೆ. ಒಮ್ಮೆಲೇ ಪುಡಿ ನಿಲ್ಲಿಸಿದರೆ ದೇಹದಲ್ಲಿ ಎರಡೂ ಇಲ್ಲ. ಸಣ್ಣ ಜ್ವರ ಬಂದರೂ ಬಿಪಿ ಕುಸಿದು ಮನುಷ್ಯ ಹೋಗಿಬಿಡಬಹುದು. ಆದ್ದರಿಂದ ಪುಡಿಯ ಬದಲು ಅಳತೆಯ ಸ್ಟೀರಾಯ್ಡ್ ಮಾತ್ರೆ ಕೊಟ್ಟು, ಅದನ್ನು ವಾರಗಟ್ಟಲೆ ಮೆಲ್ಲಗೆ ಇಳಿಸಬೇಕು. ಜೊತೆಗೆ ಗೌಟಿನ ಮಾತ್ರೆ ಮತ್ತೆ ಶುರು ಮಾಡಬೇಕು.

ಅಜ್ಜಿಯನ್ನು ಒಪ್ಪಿಸಲು ನಾನೂ ಆಶಾಳೂ ಸರದಿಯ ಮೇಲೆ ಹೋದೆವು. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದರು: ಚೀಟಿಯಲ್ಲಿ ಗೌಟ್ ಎಂದು ಬರೆಯಬಾರದು. ಡಾಕ್ಟರು "ಕೀಲುನೋವು" ಎಂದು ಬರೆದುಕೊಟ್ಟರು.

ಆಮೇಲೆ ನಾವು ಮನೆ ಮನೆ ತಿರುಗಿದೆವು. ಪುಡಿ ತಿನ್ನುವ ವಯಸ್ಸಾದವರು ಊರಿನ ಎಲ್ಲ ಬೀದಿಯಲ್ಲೂ ಇದ್ದರು. ಶಿಬಿರದಲ್ಲಿ ನಕ್ಕವರ ಮನೆಯಲ್ಲೂ. ಆಗ ನಾನು ಪಾಠವನ್ನೇ ಬದಲಿಸಿದೆ. ಹರಳಿನ ದಾರ ಬದಿಗಿಟ್ಟು ಡೈರಿ ಜಗಲಿಯಲ್ಲಿ ಒಂದೇ ಮಾತನ್ನು ವಾರ ವಾರ ಹೇಳತೊಡಗಿದೆ: "ಪುಡಿ ಬಿಸಾಕಬೇಡಿ. ನನ್ನ ಹತ್ತಿರ ತನ್ನಿ."

"ವಿಸ ಅಂತೀರಿ, ಬಿಸಾಕ್‌ಬ್ಯಾಡಿ ಅಂತೀರಿ. ಏನ್ ಸಿಸ್ಟ್ರಮ್ಮ ನಿಮ್ ಕತೆ?" ಎಂದ ಒಬ್ಬ ಅಜ್ಜ.

"ನಾಲೆ ನೀರು ಬಂತು ಅಂತ ಬೋರಿನ ಮೋಟರ್ ಬಿಚ್ಚಿ ಮೂಲೆಗೆ ಹಾಕಿದ್ದೀರಿ ಅಂತಿಟ್ಕೊಳ್ಳಿ. ನಾಲೆ ಒಂದೇ ದಿನಕ್ಕೆ ನಿಂತ್ರೆ ಪೈರು ಏನಾಗುತ್ತೆ? ಮೋಟರ್ ರಿಪೇರಿ ಆಗೋವರೆಗೂ ನಾಲೆಲಿ ಸ್ವಲ್ಪ ಸ್ವಲ್ಪ ನೀರು ಬರ್ತಿರಬೇಕು."

ಇದು ಅವರಿಗೆ ಹಿಡಿಸಿತು. ಒಬ್ಬೊಬ್ಬರಾಗಿ ಪೊಟ್ಟಣ ತರತೊಡಗಿದರು. ಡಾಕ್ಟರು ಒಬ್ಬೊಬ್ಬರಿಗೂ ಬೇರೆ ಬೇರೆ ಲೆಕ್ಕದಲ್ಲಿ ಇಳಿಸುತ್ತಿದ್ದರು. ಆ ಕೆಲವು ವಾರ ನನಗೆ ಕೆಲಸದ ಮೇಲೆ ನಂಬಿಕೆ ಮರಳಿತ್ತು.

ಪುಡಿ ಮಾರುವವನನ್ನು ಹಿಡಿಯಲಿ ಎಂದು ನಾವು ಮೇಲಕ್ಕೆ ವರದಿ ಕಳಿಸಿದೆವು. ಅವನನ್ನು ಯಾರೂ ಹಿಡಿಯಲಿಲ್ಲ. ಮೇಲಧಿಕಾರಿಯೊಬ್ಬರು ಖುದ್ದಾಗಿ ಬಂದರು. ಅವರಿಗೊಂದು ಯೋಚನೆ ಹೊಳೆದಿತ್ತು: ಊರಿನ ಪುಡಿಯನ್ನೆಲ್ಲ ಒಟ್ಟುಮಾಡಿ ಡೈರಿಯ ಮುಂದೆ ಬೆಂಕಿಗೆ ಹಾಕುವುದು. ಪತ್ರಿಕೆಯವರು ಬರುತ್ತಾರೆ. ಪುಡಿಮುಕ್ತ ಗ್ರಾಮ.

"ಸರ್, ಒಂದೇ ಸಲ ನಿಲ್ಲಿಸಿದ್ರೆ ಜೀವಕ್ಕೆ ಅಪಾಯ. ಡಾಕ್ಟರ್ ಇಳಿಸ್ತಾ ಇದ್ದಾರೆ."

"ಅಲ್ಲಮ್ಮ, ವಿಷ ಕುಡಿಯೋರಿಗೆ ದಿನಾ ಸ್ವಲ್ಪ ಸ್ವಲ್ಪ ಕುಡೀರಿ ಅನ್ನೋಕಾಗುತ್ತಾ? ಜನಕ್ಕೆ ಒಂದೇ ಸಂದೇಶ ಹೋಗಬೇಕು."

ನಮ್ಮ ಡಾಕ್ಟರೂ ಫೋನಿನಲ್ಲಿ ಹೇಳಿ ನೋಡಿದರು. ಕಾರ್ಯಕ್ರಮದ ದಿನ ಆಗಲೇ ನಿಗದಿಯಾಗಿತ್ತು.

ಆವತ್ತು ಬಸ್ಸಿನಲ್ಲಿ ಮನೆಗೆ ಹೋಗುವಾಗ ನಾನು ನಿರ್ಧಾರ ಮಾಡಿದೆ. ಮರುದಿನ ಆಶಾಳನ್ನು ಕರೆದುಕೊಂಡು ಪುಡಿ ತಿನ್ನುವವರ ಮನೆಗಳಿಗೆಲ್ಲ ಹೋದೆ. "ಖಾಲಿ ಪೊಟ್ಟಣಕ್ಕೆ ಹುರಿಗಡಲೆ ಹಿಟ್ಟು ತುಂಬಿ ಅದನ್ನು ಬೆಂಕಿಗೆ ಹಾಕಿ. ನಿಜವಾದ ಪುಡಿಯಾಗಲಿ ಮಾತ್ರೆಯಾಗಲಿ, ಡಾಕ್ಟರು ಹೇಳಿದ ಲೆಕ್ಕದಲ್ಲೇ ನಡೆಸಿ" ಎಂದೆ. ಸರ್ಕಾರಿ ಕೆಲಸದಲ್ಲಿದ್ದುಕೊಂಡು ಸರ್ಕಾರಿ ಕಾರ್ಯಕ್ರಮಕ್ಕೆ ಮೋಸ ಮಾಡಿ ಎಂದು ಮನೆ ಮನೆಗೆ ಹೇಳಿಕೊಡುತ್ತಿದ್ದೆ. ಮುದುಕರಿಗೆ ಖುಷಿಯೋ ಖುಷಿ. "ಕಳ್ಳೆ ಇಟ್ಟಿನ ಹೋಮ!" ಎಂದು ನಕ್ಕರು.

ಅಂಗನವಾಡಿ ಅಜ್ಜಿ ನಗಲಿಲ್ಲ. ಅವರ ಮನೆಯಲ್ಲಿ ಆಗ ಪುಡಿಯೇ ಇರಲಿಲ್ಲ, ಡಾಕ್ಟರ ಮಾತ್ರೆ ಮಾತ್ರ ಇತ್ತು.

"ನೀವು ಬರೋದೇ ಬೇಡ ಅಜ್ಜಿ. ಮನೇಲಿರಿ" ಎಂದೆ.

"ಬರ್ದೆ ಇದ್ರೆ ಇನ್ನೊಂದು ಕತೆ ಕಟ್ತರೆ" ಎಂದರು.

ಆ ದಿನ ಡೈರಿ ಮುಂದೆ ಬೆಂಕಿ ಹಾಕಿದರು. ಕಡಲೆ ಹಿಟ್ಟು ಸುಟ್ಟ ವಾಸನೆ ಬಂತು, ಯಾರೂ ಏನೂ ಅನ್ನಲಿಲ್ಲ. ಫೋಟೊ ತೆಗೆದರು. ಅಧಿಕಾರಿಗಳು ಮೈಕಿನಲ್ಲಿ, "ಇನ್ನು ಮುಂದೆ ಈ ಊರಲ್ಲಿ ಯಾರಿಗೂ ಆ ಚಟ ಇಲ್ಲ" ಎಂದರು. ಚಟ ಎಂಬ ಮಾತು ಅವರ ಬಾಯಿಗೆ ಎಲ್ಲಿಂದ ಬಂತೋ. ಅಜ್ಜಿ ಎದ್ದರು. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಪ್ಲಾಸ್ಟಿಕ್ ಕವರನ್ನು ಎಳೆದು, ಊರವರ ಕಡೆ ಎತ್ತಿ ತೋರಿಸಿದರು.

"ನೋಡ್ಕಳಿ. ನಂಗೆ ಯಾವ ಚಟಾನೂ ಇಲ್ಲ, ಯಾವ ಕಾಯ್ಲೇನೂ ಇಲ್ಲ."

ಕವರನ್ನು ಹಾಗೇ ಬೆಂಕಿಗೆ ಎಸೆದರು. ಸ್ಟೀರಾಯ್ಡ್ ಮಾತ್ರೆ, ಗೌಟ್ ಮಾತ್ರೆ, ಬಿಪಿ ಮಾತ್ರೆ, ಎಲ್ಲ. ನಾನು ಜನರನ್ನು ತಳ್ಳಿಕೊಂಡು ಬರುವಷ್ಟರಲ್ಲಿ ಪ್ಲಾಸ್ಟಿಕ್ ಕರಗಿ ಅಂಟಿಕೊಂಡಿತ್ತು. ಚಪ್ಪಾಳೆ ಬಿತ್ತು. ಆ ಚಪ್ಪಾಳೆಗೆ ಅಜ್ಜಿ ಕಣ್ಣೊರೆಸಿಕೊಂಡರು.

ಮರುದಿನ ಬೆಳಿಗ್ಗೆಯೇ ಹೊಸ ಮಾತ್ರೆ ಹಿಡಿದು ಹೋದೆ. ತೆಗೆದುಕೊಂಡರು, ದೇವರ ಗೂಡಿನಲ್ಲಿಟ್ಟರು.

"ಈಗಲೇ ನನ್ನ ಮುಂದೆ ನುಂಗಿ ಅಜ್ಜಿ."

"ಊರ ಮುಂದೆ ಇಲ್ಲ ಅಂದ್ಮೇಲೆ ಇಲ್ಲ ಕಣವ್ವ. ಈಗ ಕದ್ದು ನುಂಗಿದ್ರೆ ಅವ್ರು ಯೋಳಿದ್ದೇ ನಿಜ ಆಯ್ತದೆ."

ಜೀವದ ಪ್ರಶ್ನೆ ಎಂದೆ. ಗದರಿದೆ. ಕಾಲು ಹಿಡಿಯುತ್ತೇನೆ ಎಂದೆ. ಸೊಸೆಯನ್ನು ಪಕ್ಕಕ್ಕೆ ಕರೆದು ಲಕ್ಷಣಗಳನ್ನು ಹೇಳಿದೆ: ವಾಂತಿ, ತಲೆಸುತ್ತು, ತೀರಾ ಸುಸ್ತು. ಕಂಡ ತಕ್ಷಣ ಫೋನ್ ಮಾಡು ಎಂದೆ. ಡಾಕ್ಟರೂ ಸಂಜೆ ಬಂದು ಹೇಳಿ ಹೋದರು. ಅಜ್ಜಿ ಅವರಿಗೆ ಕಾಫಿ ಮಾಡಿಕೊಟ್ಟರು.

ಭಾನುವಾರ ನಾನು ಮದ್ದೂರಿನ ಮನೆಯಲ್ಲಿದ್ದಾಗ ಆಶಾಳ ಫೋನ್ ಬಂತು. ಅಜ್ಜಿಗೆ ಜ್ವರ ಬಂದು, ವಾಂತಿಯಾಗಿ, ಬಚ್ಚಲಲ್ಲಿ ಕುಸಿದಿದ್ದರು. ಮಳವಳ್ಳಿಯಲ್ಲಿ ನೋಡಿ ಮಂಡ್ಯಕ್ಕೆ ಕಳಿಸಿದ್ದರು. "ಸ್ಟೀರಾಯ್ಡ್ ತಗೋತಿದ್ರು ಅಂತ ಡಾಕ್ಟರಿಗೆ ಹೇಳು ಅಂತ ಮಗನಿಗೆ ಹೇಳು" ಎಂದು ಕೂಗಿದೆ. ಬಸ್ಸು ಹತ್ತಿದ ಮೇಲೂ ಮಗನಿಗೆ ಮತ್ತೆ ಮತ್ತೆ ಫೋನ್ ಮಾಡಿದೆ, ಎತ್ತಲಿಲ್ಲ.

ಮಂಡ್ಯದ ಆಸ್ಪತ್ರೆಯಲ್ಲಿ ಅವನು ಗೋಡೆಗೆ ಒರಗಿ ನಿಂತಿದ್ದ.

"ಹೇಳಿದ್ಯಾ?"

"ಏನ್ ಯೋಳ್ಲಿ ಮೇಡಮ್ಮು? ಯಾವ ಮಾತ್ರೆ ತಗತಿದ್ರು ಅಂತ ಕೇಳಿದ್ರು. ಅವ್ವ ಎಲ್ಲಾರ ಮುಂದ್ಲೇ ಸುಟ್ಟಾಕಿದ್ಲಲ್ಲ. ಏನೂ ಇಲ್ಲ ಅಂದೆ."

ನಾನೇ ಒಳಗೆ ಓಡಿ ಡ್ಯೂಟಿ ಡಾಕ್ಟರಿಗೆ ಹೇಳಿದೆ. ನನ್ನ ಮಾತು ಮುಗಿಯುವ ಮೊದಲೇ ಆಕೆ ಸ್ಟೀರಾಯ್ಡ್ ಚುಚ್ಚುಮದ್ದಿಗೆ ಕೂಗಿದರು. ಬಿಪಿ ಸ್ವಲ್ಪ ಏರಿತು. ಅಜ್ಜಿ ಕಣ್ಣು ಬಿಟ್ಟು ನನ್ನನ್ನು ನೋಡಿದರು ಅನಿಸಿತು. ಎದೆಯಲ್ಲಿ ಸೋಂಕು ಆಗಲೇ ಹರಡಿತ್ತು, ಮೂತ್ರಪಿಂಡಗಳು ಮೊದಲೇ ಸೋತಿದ್ದವು. ಮರುದಿನ ಬೆಳಗಾಗುವ ಮೊದಲೇ ಹೋದರು.

ಅದೇ ವಾರ ಪತ್ರಿಕೆಯಲ್ಲಿ ಬೆಂಕಿಯ ಫೋಟೊ ಬಂತು. ಅಜ್ಜಿ ಕವರ್ ಎತ್ತಿ ಹಿಡಿದಿರುವ ಚಿತ್ರ. ಪುಡಿ ಮಾರುವವನು ಆ ವಾರದ ಸಂತೆಗೂ ಬಂದಿದ್ದ. ಊರಿನಲ್ಲಿ ಎರಡು ಮಾತು ಓಡಾಡುತ್ತಿದ್ದವು: ಒಂದು, ಸಿಸ್ಟ್ರಮ್ಮನ ಮಾತ್ರೆ ತಿಂದು ಸತ್ತಳು. ಇನ್ನೊಂದು, ಕುಡಿತ ಒಮ್ಮೆಲೇ ಬಿಟ್ಟರೆ ಹಾಗೇ ಆಗುವುದು.

ಅಜ್ಜಿಯ ಗಣಾರಾಧನೆಯ ಊಟಕ್ಕೆ ಹೋಗುವುದೋ ಬೇಡವೋ ಎಂದು ಯೋಚಿಸುತ್ತಿದ್ದಾಗ ಸೊಸೆಯೇ ಉಪಕೇಂದ್ರಕ್ಕೆ ಬಂದಳು. ಬಾಗಿಲು ಹಾಕಿಕೊಂಡು ಕೇಳಿದಳು.

"ನಿಜ ಯೋಳಿ ಸಿಸ್ಟ್ರಮ್ಮ. ಅತ್ತೆ ಕುಡೀತಿರ್ನಿಲ್ಲ ತಾನೆ?"

ಒಂದೇ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಬಾಳಿದವಳು. ನನಗೆ ಕೆನ್ನೆಗೆ ಹೊಡೆಯುವಷ್ಟು ಸಿಟ್ಟು ಬಂತು. ನುಂಗಿಕೊಂಡು, "ಇಲ್ಲ ಕಣಮ್ಮ. ಒಂದು ತೊಟ್ಟೂ ಇಲ್ಲ, ಒಂದು ತುಣುಕೂ ಇಲ್ಲ. ನಮ್ಮವರೇ ಕೊಟ್ಟ ಬಿಪಿ ಮಾತ್ರೆಯಿಂದ ಬಂತು" ಎಂದೆ.

"ಅಂಗಾದ್ರೆ ಅದ್ನ ಊಟದ ದಿನ ಎಲ್ಲಾರ ಮುಂದೆ ಯೋಳಿ. ನಾನ್ ಯೋಳಿದ್ರೆ ಮನೆ ಮರ್ಯಾದಿಗೆ ಯೋಳ್ತಾಳೆ ಅಂತರೆ."

ಹೋದೆ. ಎಲೆ ಹಾಕುವ ಮೊದಲು ಅಜ್ಜಿಯ ಫೋಟೊದ ಪಕ್ಕ ನಿಂತು ಹೇಳಿದೆ. ಮೈಕಿರಲಿಲ್ಲ. ಗೌಟ್ ಯಾರಿಗೆ ಬರುತ್ತದೆ, ಮಾಂಸ, ಹೆಂಡದಿಂದ ಹೆಚ್ಚಾಗುವುದು ಹೌದು, ಆದರೆ ಅವೆರಡನ್ನೂ ಮುಟ್ಟದವರಿಗೆ ಯಾಕೆ ಬರುತ್ತದೆ, ಅಜ್ಜಿಗೆ ಯಾವುದರಿಂದ ಬಂತು, ಪುಡಿಯಲ್ಲಿ ಏನಿತ್ತು, ಅವರು ಯಾಕೆ ಸತ್ತರು. ಬಿಪಿ ಮಾತ್ರೆಯನ್ನು ಡಾಕ್ಟರಿಗೆ ಹೇಳದೆ ಯಾರೂ ಬಿಡಬೇಡಿ ಎಂದೂ ಹೇಳಿದೆ. ಶಿಬಿರದಲ್ಲಿ ನಕ್ಕವರು ಅಲ್ಲೇ ಸಾಲಾಗಿ ಕೂತಿದ್ದರು. ಡೈರಿ ಜಗಲಿಯಲ್ಲಿ ಅಷ್ಟು ತಿಂಗಳು ಮಾತಾಡಿದಾಗಲೂ ಇಷ್ಟು ನಿಶ್ಶಬ್ದವಾಗಿ ಯಾರೂ ಕೇಳಿಸಿಕೊಂಡಿರಲಿಲ್ಲ. ಮಗ ತಲೆ ತಗ್ಗಿಸಿ ನಿಂತಿದ್ದ. ಕೊನೆಗೆ ಯಾರೋ ಹಿರಿಯರು, "ಆಯ್ತು, ಎಲೆ ಹಾಕ್ರಪ್ಪ" ಎಂದರು.

ನಾನೂ ಸಾಲಿನಲ್ಲಿ ಕೂತೆ. ಪಕ್ಕದ ಎಲೆಯಲ್ಲಿ ಕೂತಿದ್ದವರು ಬೇರೆ ಬೀದಿಯ ಒಬ್ಬ ಯಜಮಾನರು, ನನಗೆ ಮುಖಪರಿಚಯ ಮಾತ್ರ. ಪಾಯಸ ಬಡಿಸಿ ಹುಡುಗರು ಮುಂದೆ ಹೋದ ಮೇಲೆ ಅವರು ಎಲೆಯ ಮೇಲೆ ಬಗ್ಗಿದಂತೆ ಮಾಡಿ ನನ್ನ ಕಡೆ ವಾಲಿದರು.

"ನಂಗೂ ಎಬ್ಬೆಟ್ಟು ಇಂಗೇ ಊದ್ತದೆ, ಸಿಸ್ಟ್ರಮ್ಮ. ಎಲ್ಡು ವರ್ಸಾಯ್ತು."

"ನಾಳೆ ಬೆಳಿಗ್ಗೆ ಬನ್ನಿ" ಎಂದೆ.

ಅವರು ಆಚೀಚೆ ನೋಡಿದರು.

"ಬತ್ತೀನಿ. ಯಾರ್ಗೂ ಯೋಳ್‌ಬ್ಯಾಡಿ."